ಜಾವಾ ಮತ್ತು ಯೆಜ್ಡಿ ಮೋಟಾರ್‌ಸೈಕಲ್‌ಗಳ ಕಾರ್ಬ್ಯುರೇಟರ್ ಮರುಜೋಡಣೆ

ಕಾರ್ಬ್ಯುರೇಟರ್ ಮರುಜೋಡಣೆ ಎಂದರೆ ಹಳೆಯ ಮೋಟಾರ್‌ಸೈಕಲ್ಲಿನ ಕಾರ್ಬ್ಯುರೇಟರನ್ನು ಪೂರ್ಣವಾಗಿ ಬಿಚ್ಚಿ, ಶುಚಿಗೊಳಿಸಿ, ಸವೆದ ಭಾಗಗಳನ್ನು ಬದಲಾಯಿಸಿ, ಪುನಃ ಜೋಡಿಸಿ ಎಂಜಿನ್ನಿಗೆ ಹೊಂದಿಸುವ ಕೆಲಸ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ಜಾವಾ ಹೆಸರಿನಲ್ಲಿಯೂ, 1973ರಿಂದ ಯೆಜ್ಡಿ ಹೆಸರಿನಲ್ಲಿಯೂ ವಾಹನಗಳನ್ನು ತಯಾರಿಸಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆದುದರಿಂದ ಇಂದು ಉಳಿದಿರುವ ಹಳೆಯ ವಾಹನಗಳು ಓಡುವುದು ಬಹುಮಟ್ಟಿಗೆ ಇಂತಹ ದುರಸ್ತಿಯನ್ನೇ ಅವಲಂಬಿಸಿದೆ.

ರಚನೆ ಮತ್ತು ಕಾರ್ಯ

ಈ ವಾಹನಗಳಲ್ಲಿ ಜೆಕೊಸ್ಲೊವಾಕಿಯಾ ಮೂಲದ ಜಿಕೋವ್ ಮಾದರಿಯ, ಸ್ಲೈಡ್ ಉಳ್ಳ ಕಾರ್ಬ್ಯುರೇಟರ್ ಪ್ರಸಿದ್ಧವಾಗಿದೆ. ಗಾಳಿಯು ಕಿರಿದಾದ ಕೊಳವೆಯ ಮೂಲಕ ವೇಗವಾಗಿ ಸಾಗುವಾಗ ಅಲ್ಲಿ ಒತ್ತಡ ಕಡಿಮೆಯಾಗುತ್ತದೆ. ಆಗ ಕೆಳಗಿನ ತೊಟ್ಟಿಯಿಂದ ಪೆಟ್ರೋಲ್ ಮೇಲೇರಿ ಗಾಳಿಯೊಡನೆ ಬೆರೆಯುತ್ತದೆ. ತೊಟ್ಟಿಯ ಮಟ್ಟವನ್ನು ಫ್ಲೋಟ್ ಮತ್ತು ಅದರ ಸೂಜಿ ಕಾಯುತ್ತವೆ. ಆ್ಯಕ್ಸಿಲರೇಟರ್ ತಿರುಗಿಸಿದಾಗ ಕೇಬಲ್ಲು ಸ್ಲೈಡನ್ನು ಮೇಲಕ್ಕೆಳೆಯುತ್ತದೆ.

ಸ್ಲೈಡ್ ತೆರೆದಿರುವ ಪ್ರಮಾಣಕ್ಕೆ ಅನುಸಾರವಾಗಿ ಬೇರೆ ಬೇರೆ ಭಾಗಗಳು ಮಿಶ್ರಣವನ್ನು ನಿರ್ಧರಿಸುತ್ತವೆ:

• ಸುಮಾರು 1/8 ಭಾಗದವರೆಗೆ: ಪೈಲಟ್ ಜೆಟ್ ಮತ್ತು ಗಾಳಿಯ ತಿರುಪು
• 1/8ರಿಂದ 1/4: ಸ್ಲೈಡಿನ ಅಡಿಯ ಓರೆ ಕತ್ತರಿಕೆ
• 1/4ರಿಂದ 3/4: ಸ್ಲೈಡಿನ ಸೂಜಿ ಮತ್ತು ಅದರ ಜೆಟ್
• 3/4ಕ್ಕಿಂತ ಹೆಚ್ಚು: ಮೇನ್ ಜೆಟ್

ಯಾವ ಹಂತದಲ್ಲಿ ಎಂಜಿನ್ ತಡವರಿಸುತ್ತದೆ ಎಂಬುದನ್ನು ಗಮನಿಸಿದರೆ ದೋಷವಿರುವ ಭಾಗವನ್ನು ಊಹಿಸಬಹುದು.

ಬಿಚ್ಚುವುದು ಮತ್ತು ಶುಚಿಗೊಳಿಸುವುದು

ಮೊದಲು ಟ್ಯಾಂಕಿನ ತುಕ್ಕನ್ನೂ ಪೆಟ್ರೋಲ್ ನಲ್ಲಿಯ ಜಾಲರಿಯನ್ನೂ ಶುಚಿ ಮಾಡಬೇಕು. ಇಲ್ಲವಾದರೆ ಜೆಟ್‌ಗಳು ಕೆಲವೇ ದಿನಗಳಲ್ಲಿ ಮತ್ತೆ ಕಟ್ಟಿಕೊಳ್ಳುತ್ತವೆ. ಬಿಚ್ಚಿದ ಭಾಗಗಳನ್ನು ತಟ್ಟೆಯಲ್ಲಿ ಅನುಕ್ರಮವಾಗಿ ಇಡುವುದು ಒಳ್ಳೆಯದು. ಗಾಳಿಯ ತಿರುಪನ್ನು ತೆಗೆಯುವ ಮುನ್ನ ಅದನ್ನು ಮೃದುವಾಗಿ ಪೂರ್ತಿ ಒಳಕ್ಕೆ ತಿರುಗಿಸಿ, ಎಷ್ಟು ಸುತ್ತಾಯಿತೆಂದು ಬರೆದುಕೊಳ್ಳಬೇಕು. ಹಿತ್ತಾಳೆಯ ಜೆಟ್‌ಗಳ ತಲೆ ಬೇಗ ಸವೆಯುವುದರಿಂದ ಸರಿಯಾದ ಅಳತೆಯ ಸ್ಕ್ರೂಡ್ರೈವರ್ ಅವಶ್ಯಕ.

ಜೆಟ್‌ಗಳ ರಂಧ್ರಕ್ಕೆ ಉಕ್ಕಿನ ತಂತಿಯನ್ನು ತೂರಿಸಬಾರದು. ರಂಧ್ರವು ಕೂದಲೆಳೆಯಷ್ಟು ಹಿಗ್ಗಿದರೂ ಮಿಶ್ರಣ ಬದಲಾಗುತ್ತದೆ. ಕಾರ್ಬ್ಯುರೇಟರ್ ಕ್ಲೀನರ್ ದ್ರಾವಣದಲ್ಲಿ ನೆನೆಸಿ ಒತ್ತಡದ ಗಾಳಿ ಊದುವುದು ಸುರಕ್ಷಿತ ವಿಧಾನ. ಅದಕ್ಕೆ ಮೊದಲು ರಬ್ಬರ್ ಭಾಗಗಳನ್ನು ಬೇರ್ಪಡಿಸಬೇಕು.

ಪರೀಕ್ಷೆ

ಲೋಹದ ಫ್ಲೋಟನ್ನು ಬಿಸಿನೀರಿನಲ್ಲಿ ಮುಳುಗಿಸಿದಾಗ ಗುಳ್ಳೆ ಬಂದರೆ ಅದು ತೂತಾಗಿದೆ ಎಂದರ್ಥ. ಒಳಗೆ ಪೆಟ್ರೋಲ್ ಉಳಿದಿರುವಾಗ ಅದಕ್ಕೆ ಬೆಸುಗೆ ಹಾಕುವುದು ಅಪಾಯಕಾರಿ. ಫ್ಲೋಟ್ ಸೂಜಿಯ ತುದಿಯಲ್ಲಿ ಉಂಗುರದಂತೆ ಸವೆದ ಗುರುತಿದ್ದರೆ ಸೂಜಿಯನ್ನು ಬದಲಾಯಿಸಬೇಕು.

ಎಂಜಿನ್ನಿಗೆ ಅಂಟುವ ಫ್ಲೇಂಜ್, ಬೋಲ್ಟುಗಳನ್ನು ಅತಿಯಾಗಿ ಬಿಗಿದುದರಿಂದ ಬಾಗಿರಬಹುದು. ಗಾಜಿನ ಹಲಗೆಯ ಮೇಲೆ ನುಣುಪಾದ ಎಮರಿ ಕಾಗದವನ್ನಿರಿಸಿ ಉಜ್ಜಿ ಅದನ್ನು ಸಮತಟ್ಟು ಮಾಡುತ್ತಾರೆ. ಸ್ಲೈಡ್ ಸವೆದು ಸಡಿಲವಾಗಿದ್ದರೆ ಸಂದಿನಿಂದ ಗಾಳಿ ನುಸುಳಿ ಐಡ್ಲಿಂಗ್ ನಿಲ್ಲುವುದಿಲ್ಲ. ಇದು ತಿರುಪು ಹೊಂದಿಸಿ ಸರಿಪಡಿಸುವ ದೋಷವಲ್ಲ.

ಮರುಜೋಡಣೆ

ಹೊಸ ಗ್ಯಾಸ್ಕೆಟ್ ಮತ್ತು ವಾಷರ್‌ಗಳನ್ನು ಬಳಸಿ, ಜೆಟ್‌ಗಳನ್ನು ಕೈಯಿಂದ ತಿರುಗಿಸಿ ಕೂರಿಸಿದ ಬಳಿಕವಷ್ಟೇ ಹಗುರವಾಗಿ ಬಿಗಿಯಬೇಕು. ಸೂಜಿಯ ಕ್ಲಿಪ್ಪನ್ನು ಮೊದಲಿದ್ದ ಗಾಡಿಯಲ್ಲಿಯೇ ಇಡಬೇಕು. ಕ್ಲಿಪ್ಪನ್ನು ಕೆಳಗಿನ ಗಾಡಿಗೆ ಇಳಿಸಿದರೆ ಸೂಜಿ ಮೇಲೇರಿ ಪೆಟ್ರೋಲ್ ಹೆಚ್ಚುತ್ತದೆ. ಸ್ಲೈಡಿನ ಓರೆ ಕತ್ತರಿಕೆಯು ಏರ್ ಫಿಲ್ಟರಿನ ಕಡೆಗಿರಬೇಕು. ಸ್ಲೈಡ್ ತಾನಾಗಿಯೇ ಸರಾಗವಾಗಿ ಕೆಳಗೆ ಬೀಳುವುದನ್ನು ಖಚಿತಪಡಿಸಿಕೊಳ್ಳದೆ ಎಂಜಿನ್ ಚಾಲೂ ಮಾಡಬಾರದು. ಅದು ಮೇಲೆಯೇ ಸಿಕ್ಕಿಕೊಂಡರೆ ವಾಹನ ಹಿಡಿತ ತಪ್ಪುತ್ತದೆ.

ಹೊಂದಿಸುವುದು

ಗಾಳಿಯ ತಿರುಪನ್ನು ಹಿಂದೆ ಬರೆದಿಟ್ಟ ಸ್ಥಾನಕ್ಕೆ ತಂದು, ಎಂಜಿನ್ ಬಿಸಿಯಾದ ನಂತರ ನಿಧಾನವಾಗಿ ಎರಡೂ ಕಡೆಗೆ ತಿರುಗಿಸುತ್ತ, ಎಂಜಿನ್ ಅತ್ಯಂತ ವೇಗವಾಗಿಯೂ ಸಮವಾಗಿಯೂ ಓಡುವ ಸ್ಥಾನದಲ್ಲಿ ನಿಲ್ಲಿಸಬೇಕು. ಅನಂತರ ಸ್ಲೈಡಿನ ತಿರುಪಿನಿಂದ ವೇಗವನ್ನು ಇಳಿಸಬೇಕು. ಹ್ಯಾಂಡಲ್ ತಿರುಗಿಸಿದಾಗ ಎಂಜಿನ್ ವೇಗ ಏರಿದರೆ ಕೇಬಲ್ ಬಿಗಿಯಾಗಿದೆ ಎಂದು ತಿಳಿಯಬೇಕು.

ಸ್ಪಾರ್ಕ್ ಪ್ಲಗ್ಗಿನ ಬಣ್ಣ ಉತ್ತಮ ಸೂಚಕ. ಕಾಫಿ ಬಣ್ಣವಿದ್ದರೆ ಮಿಶ್ರಣ ಸರಿಯಾಗಿದೆ, ಮಸಿಗಪ್ಪಾಗಿದ್ದರೆ ಪೆಟ್ರೋಲ್ ಹೆಚ್ಚು, ಬಿಳಿಯಾಗಿದ್ದರೆ ಕಡಿಮೆ. ಈ ಟೂ ಸ್ಟ್ರೋಕ್ ಎಂಜಿನ್ನುಗಳಿಗೆ ಆಯಿಲ್ ಪೆಟ್ರೋಲಿನೊಡನೆಯೇ ಬೆರೆತು ಬರುವುದರಿಂದ, ಪೆಟ್ರೋಲ್ ಕಡಿಮೆಯಾದರೆ ಶಾಖ ಏರುವುದಲ್ಲದೆ ಎಣ್ಣೆಯ ಲೇಪವೂ ತಗ್ಗಿ ಪಿಸ್ಟನ್ ಜಾಮ್ ಆಗಬಹುದು. ಓಡುವಾಗ ಹಾಗಾದರೆ ಹಿಂದಿನ ಚಕ್ರವೇ ಥಟ್ಟನೆ ನಿಂತು ಸವಾರನು ಬೀಳುವ ಸಂಭವವಿದೆ.

ಎಥನಾಲ್ ಮಿಶ್ರಿತ ಪೆಟ್ರೋಲ್

ಈಗ ಭಾರತದಲ್ಲಿ ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಬಳಕೆಯಲ್ಲಿದೆ. ಎಥನಾಲ್ ತೇವವನ್ನು ಹೀರಿಕೊಳ್ಳುತ್ತದೆ ಮತ್ತು ಹಳೆಯ ಬಗೆಯ ರಬ್ಬರನ್ನು ಹಾಳುಮಾಡಬಲ್ಲದು. ಅದರಲ್ಲಿಯೇ ಆಮ್ಲಜನಕವಿರುವುದರಿಂದ ಅದೇ ಜೆಟ್‌ನಲ್ಲಿ ಮಿಶ್ರಣವೂ ತುಸು ತೆಳುವಾಗುತ್ತದೆ. ಆದುದರಿಂದ ಎಥನಾಲ್ ತಡೆಯುವ ರಬ್ಬರ್ ಭಾಗಗಳನ್ನು ಬಳಸುವುದೂ, ವಾಹನವನ್ನು ಬಹುಕಾಲ ನಿಲ್ಲಿಸುವಾಗ ತೊಟ್ಟಿಯ ಪೆಟ್ರೋಲನ್ನು ಬರಿದುಮಾಡುವುದೂ ಸೂಕ್ತ.

ಸುರಕ್ಷತೆ

ಈ ಕೆಲಸವನ್ನು ಗಾಳಿಯಾಡುವ ಸ್ಥಳದಲ್ಲಿ, ಬೆಂಕಿಯಿಂದ ದೂರದಲ್ಲಿ ಮಾಡಬೇಕು. ಜೋಡಣೆ ಮುಗಿದ ಮೇಲೆ ಪೆಟ್ರೋಲ್ ನಲ್ಲಿಯನ್ನು ತೆರೆದು ಕೆಲವು ನಿಮಿಷ ಕಾದು, ಎಲ್ಲಿಯೂ ಸೋರಿಕೆಯಿಲ್ಲವೆಂದು ನೋಡಿದ ಬಳಿಕವೇ ಎಂಜಿನ್ ಚಾಲೂ ಮಾಡಬೇಕು.