ಮಡಿಚುವ ಫಿಲ್ಮ್ ಕ್ಯಾಮೆರಾ: ಚಿತ್ರ ಮಸುಕಾಗುವುದೇಕೆ, ಫೋಕಸ್ ಸರಿಪಡಿಸುವುದು ಹೇಗೆ?

ಗುಂಡಿ ಒತ್ತಿದೊಡನೆ ಮುಂದಿನ ಮುಚ್ಚಳ ತೆರೆದುಕೊಳ್ಳುತ್ತದೆ. ಒಳಗಿನ ಕಪ್ಪು ತಿದಿ ಹಿಗ್ಗಿ, ಲೆನ್ಸ್ ಮುಂದೆ ಬಂದು ನಿಲ್ಲುತ್ತದೆ. 1950ರ ದಶಕದ ಆಗ್ಫಾ ಐಸೊಲೆಟ್, ಜೈಸ್ ಐಕಾನ್ ನೆಟ್ಟರ್‌ನಂತಹ ಮಡಿಚುವ ಕ್ಯಾಮೆರಾಗಳನ್ನು ಇಂದಿಗೂ ಬಳಸಬಹುದು. ಅವಕ್ಕೆ ಬೇಕಾದ 120 ಫಿಲ್ಮ್ ಮಾರುಕಟ್ಟೆಗೆ ಬಂದದ್ದು 1901ರಲ್ಲಿ, ಅದು ಈಗಲೂ ಸಿಗುತ್ತದೆ.

ಆದರೆ ಮೊದಲ ರೋಲ್ ತೊಳೆಸಿದಾಗ ಹಲವರಿಗೆ ನಿರಾಸೆಯಾಗುತ್ತದೆ. ಮುಖಗಳೆಲ್ಲ ಮಸುಕು! "ಹಳೇ ಕ್ಯಾಮೆರಾ ಅಲ್ವಾ, ಇಷ್ಟೇ ಬರೋದು" ಎನ್ನುವ ಸಮಾಧಾನದ ಮಾತು ಆಗ ಕೇಳಿಬರುತ್ತದೆ. ಈ ಮಾತು ನಿಜವೇ?

ಬಹುಪಾಲು ಸಂದರ್ಭಗಳಲ್ಲಿ ಅಲ್ಲ. ಲೆನ್ಸಿನ ಮೇಲೆ ಶಿಲೀಂಧ್ರ ಅಥವಾ ಮಂಜಿನಂತಹ ಪೊರೆ ಬೆಳೆದರೆ ಚಿತ್ರ ಮಂಕಾಗಬಹುದು, ನಿಜ. ಆದರೆ ವಯಸ್ಸಾಯಿತೆಂದು ಗಾಜು ತನ್ನಷ್ಟಕ್ಕೆ ಫೋಕಸ್ ಕಳೆದುಕೊಳ್ಳುವುದಿಲ್ಲ. ತಪ್ಪಿರುವುದು ಸಾಮಾನ್ಯವಾಗಿ ದೂರದ ಅಂದಾಜು, ಇಲ್ಲವೇ ಲೆನ್ಸಿನ ಜೋಡಣೆ. ಎರಡನ್ನೂ ಸರಿಪಡಿಸಬಹುದು.

ಲೆನ್ಸ್ ಎಷ್ಟು ಸರಿಯಬೇಕು?

ವಸ್ತು ಹತ್ತಿರ ಬಂದಷ್ಟೂ ಅದರ ಬಿಂಬ ಲೆನ್ಸಿನಿಂದ ಹೆಚ್ಚು ಹಿಂದೆ ಮೂಡುತ್ತದೆ. ಉದಾಹರಣೆಗೆ, 75 ಮಿ.ಮೀ. ಸಂಗಮ ದೂರದ ಲೆನ್ಸ್ ದೂರದ ಬೆಟ್ಟದ ಬಿಂಬವನ್ನು 75 ಮಿ.ಮೀ. ಹಿಂದೆ ಮೂಡಿಸುತ್ತದೆ. 2 ಮೀಟರ್ ದೂರದಲ್ಲಿ ನಿಂತವರ ಬಿಂಬ ಮೂಡುವುದು ಸುಮಾರು 78 ಮಿ.ಮೀ. ಹಿಂದೆ, 1 ಮೀಟರ್ ದೂರದವರದು ಸುಮಾರು 81 ಮಿ.ಮೀ. ಹಿಂದೆ. ಅಂದರೆ ಬೆಟ್ಟಕ್ಕೂ ಎದುರು ಕುಳಿತ ಅಜ್ಜಿಗೂ ನಡುವಿನ ವ್ಯತ್ಯಾಸ ಕ್ಯಾಮೆರಾದೊಳಗೆ ಬರೀ 6 ಮಿಲಿಮೀಟರ್.

ಐಸೊಲೆಟ್, ನೆಟ್ಟರ್‌ಗಳಲ್ಲಿ ಇದಕ್ಕಾಗಿ ಇಡೀ ಲೆನ್ಸ್ ಸರಿಯುವುದಿಲ್ಲ. ಉಂಗುರ ತಿರುಗಿಸಿದಾಗ ಎಲ್ಲಕ್ಕಿಂತ ಮುಂದಿರುವ ಗಾಜು ಮಾತ್ರ ತಿರುಪಿನ ಮೇಲೆ ಹಿಂದೆ-ಮುಂದೆ ಚಲಿಸುತ್ತದೆ. ಅದು ಎರಡನೆಯ ಗಾಜಿನಿಂದ ದೂರವಾದಂತೆ ಲೆನ್ಸಿನ ಒಟ್ಟು ಸಂಗಮ ದೂರ ತುಸು ಕಡಿಮೆಯಾಗಿ, ಹತ್ತಿರದ ವಸ್ತು ಸ್ಪಷ್ಟವಾಗುತ್ತದೆ. ಆ ಗಾಜು ಸರಿಯಬೇಕಾದ್ದು 6 ಮಿಲಿಮೀಟರಿಗಿಂತ ಎಷ್ಟೋ ಕಡಿಮೆ. ಆದ್ದರಿಂದಲೇ ಇಲ್ಲಿ ಕೂದಲೆಳೆಯಷ್ಟು ತಪ್ಪೂ ಚಿತ್ರದಲ್ಲಿ ಎದ್ದು ಕಾಣುತ್ತದೆ.

ವ್ಯೂಫೈಂಡರಿನಲ್ಲಿ ಚೆನ್ನಾಗಿ ಕಂಡರೆ ಸಾಕೇ?

ಸಾಲದು. ಈ ಕ್ಯಾಮೆರಾಗಳ ವ್ಯೂಫೈಂಡರ್ ಚೌಕಟ್ಟನ್ನಷ್ಟೇ ತೋರಿಸುವ ಕಿಟಕಿ. ಲೆನ್ಸಿಗೂ ಅದಕ್ಕೂ ಸಂಬಂಧವಿಲ್ಲದ ಕಾರಣ ಅದರಲ್ಲಿ ಎಲ್ಲವೂ ಸದಾ ಸ್ಪಷ್ಟ. ದೂರವನ್ನು ನೀವೇ ಅಂದಾಜಿಸಿ ಉಂಗುರವನ್ನು ಆ ಸಂಖ್ಯೆಗೆ ತಿರುಗಿಸಬೇಕು.

ಉಂಗುರದ ಮೇಲಿನ ಸಂಖ್ಯೆ ಅಡಿಯೋ ಮೀಟರೋ ಎಂದು ಮೊದಲು ನೋಡಿಕೊಳ್ಳಿ. ಮೀಟರ್ ಎಂದುಕೊಂಡು ಅಡಿಯ ಉಂಗುರವನ್ನು 6ಕ್ಕೆ ಇಟ್ಟರೆ ಫೋಕಸ್ ಆಗುವುದು ಎರಡು ಮೀಟರಿಗೂ ಒಳಗೆ! ಐಸೊಲೆಟ್ 3ರಂತಹ ಮಾದರಿಗಳಲ್ಲಿ ದೂರ ಅಳೆಯುವ ರೇಂಜ್‌ಫೈಂಡರ್ ಇದೆಯಾದರೂ ಅದು ಲೆನ್ಸಿಗೆ ಜೋಡಣೆಯಾಗಿಲ್ಲ. ಅದು ತೋರಿಸಿದ ಅಂಕಿಯನ್ನು ಉಂಗುರದಲ್ಲಿ ಕೈಯಾರೆ ಇಡಬೇಕು.

ಅಪರ್ಚರ್ ಕಿರಿದಾದಷ್ಟೂ ಅಂದಾಜಿನ ತಪ್ಪಿಗೆ ರಿಯಾಯಿತಿ ಹೆಚ್ಚು. 75 ಮಿ.ಮೀ. ಲೆನ್ಸನ್ನು ಎಫ್/4.5ರಲ್ಲಿ 2 ಮೀಟರಿಗೆ ಇಟ್ಟರೆ ಸ್ಪಷ್ಟವಾಗಿ ಬರುವ ಆಳ ಹೆಚ್ಚುಕಡಿಮೆ 30 ಸೆಂ.ಮೀ. ಮಾತ್ರ. ಅದೇ ಲೆನ್ಸನ್ನು ಎಫ್/11ರಲ್ಲಿ 10 ಮೀಟರಿಗೆ ಇಟ್ಟರೆ ಸುಮಾರು 5 ಮೀಟರಿನಿಂದ ಕಣ್ಣು ಹಾಯುವಷ್ಟು ದೂರದವರೆಗೆ ಎಲ್ಲವೂ ಸ್ಪಷ್ಟ. ಹೊರಾಂಗಣದ ಬಿಸಿಲಿನಲ್ಲಿ ಇದೇ ಸುಲಭ ಸೂತ್ರ.

ಉಂಗುರವೇ ಸುಳ್ಳು ಹೇಳುತ್ತಿದ್ದರೆ?

ಹಿಂದೆ ಯಾರೋ ಲೆನ್ಸ್ ಬಿಚ್ಚಿ ಸ್ವಚ್ಛಗೊಳಿಸಿ, ಉಂಗುರವನ್ನು ತಪ್ಪು ಜಾಗದಲ್ಲಿ ಕೂರಿಸಿರಬಹುದು. ಆಗ ನೀವು ಟೇಪ್ ಹಿಡಿದು ಅಳೆದರೂ ಚಿತ್ರ ಮಸುಕೇ. ಫಿಲ್ಮ್ ಖರ್ಚು ಮಾಡದೆ ಇದನ್ನು ಪರೀಕ್ಷಿಸಬಹುದು.

1. ಕ್ಯಾಮೆರಾ ಖಾಲಿ ಇದೆಯೆಂದು ಖಚಿತಪಡಿಸಿಕೊಂಡು ಹಿಂಬಾಗಿಲು ತೆರೆಯಿರಿ. ಲೆನ್ಸನ್ನೂ ಪೂರ್ತಿ ತೆರೆದು, ಅದನ್ನು ಹಿಡಿದಿರುವ ಪಟ್ಟಿಗಳು ಭದ್ರವಾಗಿ ನಿಂತಿವೆಯೇ ನೋಡಿ. ಅಲ್ಲೇ ಅಲುಗಾಟವಿದ್ದರೆ ಮುಂದಿನ ಹೊಂದಾಣಿಕೆಯೆಲ್ಲ ವ್ಯರ್ಥ.

2. ಒಂದು ಬದಿ ಮಬ್ಬಾಗಿರುವ ಸಮತಟ್ಟಾದ ಗಾಜಿನ ತುಂಡು ಬೇಕು. ಸಾದಾ ಗಾಜಿಗೆ ಮಬ್ಬು ಟೇಪ್ ಅಂಟಿಸಿದರೂ ನಡೆಯುತ್ತದೆ. ಮಬ್ಬು ಬದಿ ಲೆನ್ಸಿನ ಕಡೆಗಿರುವಂತೆ, ಫಿಲ್ಮ್ ಕೂರುವ ಒಳಗಿನ ಹಳಿಗಳ ಮೇಲೆಯೇ ಅದನ್ನು ಇಡಿ. ಪಕ್ಕದ ಎತ್ತರದ ಅಂಚಿನ ಮೇಲೆ ಇಟ್ಟರೆ ಇಡೀ ಲೆಕ್ಕ ತಪ್ಪುತ್ತದೆ.

3. ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ನಿಲ್ಲಿಸಿ. ಶಟರನ್ನು 'ಬಿ'ಗೆ ಇಟ್ಟು ಕೇಬಲ್ ರಿಲೀಸಿನಿಂದ ತೆರೆದು ಹಿಡಿಯಿರಿ. ಅಪರ್ಚರ್ ಪೂರ್ತಿ ತೆರೆದಿರಲಿ.

4. ಅರ್ಧ ಕಿಲೋಮೀಟರಿಗೂ ಹೆಚ್ಚು ದೂರದ ಮೊಬೈಲ್ ಟವರ್ ಅಥವಾ ಗೋಪುರದತ್ತ ತಿರುಗಿಸಿ. ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದು ಭೂತಕನ್ನಡಿಯಲ್ಲಿ ನೋಡಿ. ಉಂಗುರ ಅನಂತದ ಗುರುತಿನಲ್ಲಿ ಇರುವಾಗ, ಅಂದರೆ ಮಲಗಿದ ಎಂಟರ ಚಿಹ್ನೆಯಲ್ಲಿ, ತಲೆಕೆಳಗಾದ ಆ ಬಿಂಬ ಅತ್ಯಂತ ಸ್ಪಷ್ಟವಾಗಿರಬೇಕು.

ಹಾಗಿಲ್ಲವೇ? ಉಂಗುರದ ಅಂಚಿನಲ್ಲಿರುವ ಪುಟ್ಟ ತಿರುಪುಗಳನ್ನು ಸಡಿಲಿಸಿ. ಅವನ್ನು ಪೂರ್ತಿ ತೆಗೆಯಬೇಡಿ, ಬಿದ್ದರೆ ಹುಡುಕುವುದು ಕಷ್ಟ. ಉಂಗುರವನ್ನು ಬಿಟ್ಟು ಮುಂದಿನ ಗಾಜನ್ನಷ್ಟೇ ತಿರುಗಿಸುತ್ತಾ ಬಿಂಬ ಸ್ಪಷ್ಟವಾದಲ್ಲಿ ನಿಲ್ಲಿಸಿ. ಗಾಜು ಅಲುಗದಂತೆ ನೋಡಿಕೊಂಡು, ಉಂಗುರವನ್ನು ಅನಂತದ ಗುರುತಿಗೆ ತಂದು ತಿರುಪುಗಳನ್ನು ಬಿಗಿ ಮಾಡಿ. ಕೊನೆಗೆ ಟೇಪಿನಿಂದ 2 ಮೀಟರ್ ಅಳೆದು ಅಲ್ಲೊಂದು ದಿನಪತ್ರಿಕೆ ಇಟ್ಟು, ಉಂಗುರದ 2 ಮೀಟರ್ ಗುರುತಿನಲ್ಲಿ ಅದರ ತಲೆಬರಹ ಸ್ಪಷ್ಟವಾಗುತ್ತದೆಯೇ ನೋಡಿ.

ಉಂಗುರ ತಿರುಗದಿದ್ದರೆ ಬಲ ಹಾಕಬೇಡಿ

ಹಳೆಯ ಆಗ್ಫಾ ಕ್ಯಾಮೆರಾಗಳಲ್ಲಿ ಇದು ಪ್ರಸಿದ್ಧ ತೊಂದರೆ. ಒಳಗಿನ ಹಸಿರು ಗ್ರೀಸ್ ದಶಕಗಳಲ್ಲಿ ಗಟ್ಟಿಯಾಗಿ ಅಂಟಿನಂತಾಗಿರುತ್ತದೆ. ಬಲವಂತ ಮಾಡಿದರೆ ಮೊದಲ ಗಾಜಿನ ಜೊತೆಗೆ ಅದಕ್ಕೆ ಅಂಟಿಕೊಂಡ ಎರಡನೆಯ ಗಾಜೂ ಬಿಚ್ಚಿಕೊಳ್ಳುತ್ತದೆ. ಉಂಗುರ ತಿರುಗಿದಂತೆ ಕಾಣುತ್ತದೆ, ಅವೆರಡರ ನಡುವಿನ ಅಂತರ ಮಾತ್ರ ಬದಲಾಗುವುದಿಲ್ಲ! "ಉಂಗುರ ತಿರುಗುತ್ತಿದೆ, ಆದರೂ ಫೋಕಸ್ ಇಲ್ಲ" ಎನ್ನುವ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದೇ.

ಗ್ರೀಸನ್ನು ದ್ರಾವಕ ಹಾಗೂ ಹದವಾದ ಬಿಸಿಯಿಂದ ತಾಳ್ಮೆಯಿಂದ ಸಡಿಲಿಸಬೇಕು. ಲೈಟರ್ ದ್ರವದಂತಹ ದ್ರಾವಕಗಳು ಥಟ್ಟನೆ ಬೆಂಕಿ ಹಿಡಿಯುವುದರಿಂದ ಬಿಸಿಯನ್ನೂ ದ್ರಾವಕವನ್ನೂ ಒಟ್ಟಿಗೆ ಬಳಸಲೇಬಾರದು. ಅನುಭವವಿಲ್ಲದಿದ್ದರೆ ಈ ಕೆಲಸವನ್ನು ಕ್ಯಾಮೆರಾ ರಿಪೇರಿ ಬಲ್ಲವರಿಗೆ ಬಿಡುವುದು ಒಳ್ಳೆಯದು.

ಫಿಲ್ಮ್ ಸಮತಟ್ಟಾಗಿರಲಿ

ಲೆನ್ಸ್ ಸರಿಯಿದ್ದೂ ಚಿತ್ರದ ನಡುಭಾಗ ಮಸುಕಾಗುವುದುಂಟು. ಮುಚ್ಚಳವನ್ನು ಸರಕ್ಕನೆ ತೆರೆದಾಗ ಹಿಗ್ಗುವ ತಿದಿ ಗಾಳಿಯ ಜೊತೆಗೆ ಫಿಲ್ಮನ್ನೂ ಮುಂದಕ್ಕೆ ಎಳೆಯುತ್ತದೆ. ಹೀಗಾಗಿ ಮುಚ್ಚಳವನ್ನು ಕೈಯಲ್ಲಿ ತಡೆದು ನಿಧಾನವಾಗಿ ತೆರೆಯಿರಿ. ತೆರೆದ ನಂತರವೇ ಫಿಲ್ಮನ್ನು ಮುಂದಿನ ಚಿತ್ರಕ್ಕೆ ಸುತ್ತಿ, ಆಗ ಅದು ಮತ್ತೆ ಬಿಗಿಯಾಗುತ್ತದೆ.

6×6 ಅಳತೆಯಲ್ಲಿ ಒಂದು ರೋಲಿಗೆ ಸಿಗುವುದು 12 ಚಿತ್ರ ಮಾತ್ರ, ಫಲಿತಾಂಶ ತಿಳಿಯುವುದು ತೊಳೆಸಿದ ಮೇಲೆಯೇ. ಮದುವೆಗೋ ಹಿರಿಯರ ಭಾವಚಿತ್ರಕ್ಕೋ ಈ ಕ್ಯಾಮೆರಾ ಒಯ್ಯುವ ಮುನ್ನ ಒಂದು ರೋಲನ್ನು ಪರೀಕ್ಷೆಗೆಂದೇ ಮೀಸಲಿಡಿ. ಅಳೆದ ದೂರಗಳಲ್ಲಿ, ಅಪರ್ಚರ್ ಪೂರ್ತಿ ತೆರೆದು ಚಿತ್ರ ತೆಗೆದು, ಪ್ರತಿಯೊಂದರ ದೂರವನ್ನೂ ಬರೆದಿಟ್ಟುಕೊಳ್ಳಿ. ಆಗ ತಪ್ಪಿರುವುದು ಉಂಗುರವೋ ನಿಮ್ಮ ಅಂದಾಜೋ ಎನ್ನುವುದು ನೆಗೆಟಿವ್ ನೋಡಿದರೇ ತಿಳಿಯುತ್ತದೆ.