ಹಿಂದಿನ ಆಕ್ಸಲ್ಲಿನ ಎಣ್ಣೆಯ ಕಥೆ

ಮುಂಬಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳಲ್ಲಿ ಓಡಾಡಿದವರಿಗೆ ಒಂದು ಸದ್ದು ನೆನಪಿರಬಹುದು. ವೇಗ ಏರಿದಂತೆ ಹಿಂದಿನ ಸೀಟಿನಡಿಯಿಂದ ‘ಊಂ...’ ಎಂದು ಏಳುವ ಸದ್ದು. ಚಾಲಕ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದ ಕೂಡಲೇ ಅದರ ರಾಗ ಬದಲು. ಟೈರಿನ ಸದ್ದೆಂದುಕೊಂಡು ನಾವು ಸುಮ್ಮನಾಗುತ್ತಿದ್ದೆವು. ಎಷ್ಟೋ ಸಲ ಅದು ಎಣ್ಣೆ ಸಾಲದೆ ಸವೆದ ಡಿಫರೆನ್ಷಿಯಲ್ಲಿನ ನರಳಾಟ.

ಎರಡು ಚಕ್ರಗಳ ನಡುವೆ 1.3 ಮೀಟರ್ ಅಂತರವಿರುವ ಕಾರು ಒಂದು ಮೂಲೆ ತಿರುಗಿದರೆ ಹೊರಗಿನ ಚಕ್ರ ಒಳಗಿನದಕ್ಕಿಂತ ಸುಮಾರು 2 ಮೀಟರ್ ಹೆಚ್ಚು ಓಡಬೇಕು. ಎತ್ತಿನ ಗಾಡಿಗೆ ಇದು ಕಷ್ಟವಲ್ಲ, ಅದರ ಚಕ್ರಗಳು ಬೇರೆ ಬೇರೆಯಾಗಿ ತಿರುಗುತ್ತವೆ. ಎಂಜಿನ್ ಎರಡೂ ಚಕ್ರಗಳನ್ನು ಒಟ್ಟಿಗೆ ದೂಡುವಾಗಲೇ ತೊಡಕು. ಇದಕ್ಕೆ 1820ರ ದಶಕದ ಕೊನೆಗೆ ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ ತನ್ನ ಉಗಿ ಬಂಡಿಗೆ ಗೇರುಗಳ ಉಪಾಯ ಹೂಡಿದ. 1877ರಲ್ಲಿ ಇಂಗ್ಲೆಂಡಿನ ಜೇಮ್ಸ್ ಸ್ಟಾರ್ಲಿ ಅದನ್ನು ಮೂರು ಚಕ್ರದ ಸೈಕಲ್ಲಿಗೆ ತಂದ. ಕಾರ್ಲ್ ಬೆಂಜ್‌ನ 1886ರ ಮೋಟಾರು ಬಂಡಿಯಲ್ಲೂ ಡಿಫರೆನ್ಷಿಯಲ್ ಇತ್ತು.

ಎಣ್ಣೆಯ ಪಾಡು ಬಿಗಡಾಯಿಸಿದ್ದು 1920ರ ದಶಕದಲ್ಲಿ. ಅಮೆರಿಕದ ಗ್ಲೀಸನ್ ಕಂಪನಿ ‘ಹೈಪಾಯ್ಡ್’ ಗೇರು ಕಡೆಯುವ ಯಂತ್ರಗಳನ್ನು ಮಾಡಿತು, ಪ್ಯಾಕಾರ್ಡ್ ಕಾರು ಅದನ್ನು ಮೊದಲಿಗೆ ಬಳಸಿತು. ಪಿನಿಯನ್ನು ದೊಡ್ಡ ಕ್ರೌನ್ ವೀಲಿನ ನಡುಮಟ್ಟಕ್ಕಿಂತ ಕೆಳಗೆ ಕೂತದ್ದರಿಂದ ಪ್ರೊಪೆಲ್ಲರ್ ಶಾಫ್ಟ್ ತಗ್ಗಿತು, ಕಾರಿನ ನೆಲ ತಗ್ಗಿತು, ಸದ್ದೂ ಇಳಿಯಿತು. ಕೂತವರಿಗೆ ಸುಖ. ಹಲ್ಲುಗಳಿಗೆ ಮಾತ್ರ ಶಿಕ್ಷೆ: ಅವು ಈಗ ಒಂದರ ಮೇಲೊಂದು ಉರುಳುವುದಲ್ಲದೆ ಭಾರೀ ಒತ್ತಡದಲ್ಲಿ ಉಜ್ಜಿಕೊಂಡೂ ಜಾರಬೇಕು. ಸಾಧಾರಣ ಎಣ್ಣೆ ಆ ಒತ್ತಡಕ್ಕೆ ಹಿಂಡಿಹೋಗುತ್ತದೆ. ಅದಕ್ಕೇ ಗಂಧಕ ಮುಂತಾದವನ್ನು ಬೆರೆಸಿದ ಎಣ್ಣೆ ಬಂತು. ಬಿಸಿಯಾದ ಉಕ್ಕಿನ ಮೇಲೆ ಅದು ತೆಳುವಾದ ಪೊರೆ ಕಟ್ಟಿ ಲೋಹಕ್ಕೆ ಲೋಹ ಅಂಟದಂತೆ ತಡೆಯುತ್ತದೆ. ಗ್ಯಾರೇಜಿನಲ್ಲಿ ‘ಇ.ಪಿ. 90’ ಡಬ್ಬಿ ತೆರೆದಾಗ ಮೂಗಿಗೆ ಬಡಿಯುವುದು ಆ ಗಂಧಕವೇ. ಇಂಥ ಎಣ್ಣೆಗಳಿಗೆ ಒಂದು ಕಾಲದಲ್ಲಿ ಸ್ಪರ್ಮ್ ತಿಮಿಂಗಿಲದ ಎಣ್ಣೆಯೂ ಬೀಳುತ್ತಿತ್ತು ಎಂದರೆ ನಂಬುತ್ತೀರಾ? 1970ರಲ್ಲಿ ಅಮೆರಿಕ ಆ ತಿಮಿಂಗಿಲವನ್ನು ಅಳಿವಿನ ಭಯವಿರುವ ಜೀವಿಗಳ ಪಟ್ಟಿಗೆ ಸೇರಿಸಿದ ಮೇಲೆ ರಸಾಯನ ತಜ್ಞರು ಬದಲಿ ಹುಡುಕಬೇಕಾಯಿತು.

ಇಷ್ಟೆಲ್ಲ ಇದ್ದೂ ಸಾಮಾನ್ಯ ಕಾರಿನ ಹೌಸಿಂಗಿನಲ್ಲಿ ಎಣ್ಣೆ ತಳ್ಳುವ ಪಂಪಿಲ್ಲ, ಡ್ಯಾಶ್‌ಬೋರ್ಡಿನಲ್ಲಿ ಅದಕ್ಕೊಂದು ದೀಪವೂ ಇಲ್ಲ. ಕ್ರೌನ್ ವೀಲು ತಳದ ಎಣ್ಣೆಯಲ್ಲಿ ಮುಳುಗೆದ್ದು ಎರಚಿದ್ದೇ ಎಲ್ಲಕ್ಕೂ ಆಧಾರ. ಎಣ್ಣೆ ಸೀಲು ಹಳೆಯದಾಗಿ ಹನಿಹನಿ ಸೋರಿದರೆ, ಇಲ್ಲವೇ ಗಾಳಿಯಾಡುವ ಬ್ರೀದರ್ ಕಟ್ಟಿ ಒಳಗಿನ ಒತ್ತಡ ಎಣ್ಣೆಯನ್ನು ಸೀಲಿನ ಮೂಲಕ ಹೊರದಬ್ಬಿದರೆ, ಮೊದಲು ಒಣಗುವುದು ಪಿನಿಯನ್ನಿನ ಮುಂಭಾಗದ ಬೇರಿಂಗು. ಅದು ಕಾದು ಕೂದಲೆಳೆಯಷ್ಟು ಸಡಿಲವಾದರೂ ಸಾಕು, ಪಿನಿಯನ್ನು ಜರುಗುತ್ತದೆ, ಹಲ್ಲು ತಪ್ಪು ಜಾಗಕ್ಕೆ ಕೂರುತ್ತದೆ. ಮೊದಲು ಊಳು, ಆಮೇಲೆ ಗೀರು, ಕೊನೆಗೆ ಹಲ್ಲು ಮುರಿತ. ಹೆದ್ದಾರಿಯಲ್ಲಿ ವೇಗದಲ್ಲಿರುವಾಗ ಒಳಗೆ ಹಿಡಿದುಕೊಂಡರೆ ಹಿಂದಿನ ಚಕ್ರಗಳೇ ನಿಂತುಬಿಡಬಹುದು. ಸದ್ದು ಬಂದ ಮೇಲೆ ಎಣ್ಣೆ ತುಂಬಿದರೆ ಸವೆದ ಹಲ್ಲು ಮರಳಿ ಬೆಳೆಯುವುದಿಲ್ಲ. ಕ್ರೌನು-ಪಿನಿಯನ್ನು ಜೊತೆಯಾಗಿಯೇ ಮಸೆದ ಜೋಡಿ, ಬದಲಿಸುವುದಾದರೆ ಎರಡನ್ನೂ ಬದಲಿಸಬೇಕು. ದಿನದ ದುಡಿಮೆಯನ್ನೇ ನಂಬಿದ ಟ್ಯಾಕ್ಸಿಯವನಿಗೆ ಅದು ಎಂಥ ಪೆಟ್ಟು ಎಂದು ಬೇರೆ ಹೇಳಬೇಕಿಲ್ಲ. ಮಳೆಗಾಲದಲ್ಲಿ ಇನ್ನೊಂದು ಕಾಟ: ಕಾದ ಹೌಸಿಂಗು ರಸ್ತೆಯ ನೀರಿಗೆ ಇಳಿದರೆ ಒಳಗಿನ ಗಾಳಿ ತಣ್ಣಗಾಗಿ ಕುಗ್ಗಿ, ಬ್ರೀದರಿನಿಂದ ನೀರು ಹೀರಿಕೊಳ್ಳುತ್ತದೆ. ಆಗ ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗುತ್ತದೆ.

1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರಲ್ಲಿ ಡಿಫರೆನ್ಷಿಯಲ್ ಮುಂದಿನ ಗೇರ್‌ಬಾಕ್ಸಿನೊಳಗೇ ಸೇರಿತು, ಎರಡಕ್ಕೂ ಒಂದೇ ಎಣ್ಣೆ. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಮುಂಬಯಿಯ ಪದ್ಮಿನಿ ಟ್ಯಾಕ್ಸಿಗಳ ಓಟ 2023ರ ಅಕ್ಟೋಬರಿಗೆ ಮುಗಿಯಿತು. ಆದರೆ ಲಾರಿ, ಬಸ್ಸು, ಬೊಲೆರೊದಂಥ ಗಾಡಿಗಳ ಹಿಂದೆ ಆ ಹೌಸಿಂಗು ಇವತ್ತೂ ತೂಗುತ್ತಿದೆ. ನಿಮ್ಮದು ಅಂಥ ಗಾಡಿಯಾದರೆ, ಸರ್ವಿಸಿಗೆ ಬಿಟ್ಟಾಗ ಸಮತಟ್ಟು ನೆಲದಲ್ಲಿ ನಿಲ್ಲಿಸಿ ಹೌಸಿಂಗಿನ ಬದಿಯ ಪ್ಲಗ್ ಬಿಚ್ಚಿಸಿ ನೋಡಿ. ಸಾಮಾನ್ಯವಾಗಿ ಎಣ್ಣೆ ಆ ತೂತಿನ ಕೆಳ ಅಂಚಿಗೆ ತಾಗುವಂತಿರಬೇಕು. ಬೆರಳಿಗೆ ಬಂದ ಎಣ್ಣೆಯಲ್ಲಿ ಲೋಹದ ಚೂರುಗಳಿದ್ದರೆ ಕೂಡಲೇ ಹೌಸಿಂಗು ಬಿಚ್ಚಲು ಮೆಕ್ಯಾನಿಕ್‌ಗೆ ಹೇಳಿ.