ಸಿಂಹಳದ ರಾಜ್ಯಾಂಗ: ಕೊಟ್ಟ ಮತ, ಕಿತ್ತುಕೊಂಡ ಮತ

ಇಂಗ್ಲೆಂಡಿನಲ್ಲಿ ಹೆಂಗಸರಿಗೆ ಗಂಡಸರ ಸಮನಾಗಿ ಮತಾಧಿಕಾರ ದೊರೆತದ್ದು ೧೯೨೮ರಲ್ಲಿ. ಮೂರೇ ವರ್ಷಗಳ ಮೇಲೆ, ಅದೇ ಇಂಗ್ಲೆಂಡಿನ ಆಳ್ವಿಕೆಗೊಳಪಟ್ಟಿದ್ದ ಸಿಂಹಳದ್ವೀಪದಲ್ಲಿ ಇಪ್ಪತ್ತೊಂದು ತುಂಬಿದ ಸ್ತ್ರೀಪುರುಷರು ಮತಗಟ್ಟೆಗೆ ನಡೆದರು. ನಮಗೆ ಆ ಭಾಗ್ಯ ಬಂದುದು ೧೯೫೧-೫೨ರಲ್ಲಿ.

ವಿಚಿತ್ರವೆಂದರೆ, ಅಲ್ಲಿನ ದೊಡ್ಡ ಮುಖಂಡರು ಇದನ್ನು ಬೇಡಿಯೇ ಇರಲಿಲ್ಲ. ೧೯೨೭ರಲ್ಲಿ ಡೊನೊಮೋರ್ ಆಯೋಗ ಬಂದಾಗ, ಕಾರ್ಮಿಕ ನಾಯಕ ಎ. ಇ. ಗುಣಸಿಂಹರಂಥವರನ್ನು ಬಿಟ್ಟರೆ, ಉಳಿದವರಿಗೆ ಆಸ್ತಿವಂತರ ಮತವೇ ಸಾಕಾಗಿದ್ದಿತು. ಕೂಲಿಯವನಿಗೂ ಮತವೆಂದಾಗ ಅವರು ಬೆಚ್ಚಿದರು. ಅವರ ಭಯವೆಲ್ಲ ಗುಡ್ಡಗಾಡಿನ ಚಹಾ ತೋಟಗಳ ಮೇಲಿದ್ದಿತು. ತಮಿಳುನಾಡಿನಿಂದ ಬಂದು ತಲೆಮಾರುಗಳಿಂದ ಅಲ್ಲಿ ದುಡಿಯುತ್ತಿದ್ದ ಜನ ಒಟ್ಟಾಗಿ ಮತ ಹಾಕಿದರೆ? ತೋಟದವರಿಗೆ ವಾಸದ ಷರತ್ತುಗಳು ಆಗಲೇ ಅಂಟಿಕೊಂಡುವು.

ಮುಂದಿನ ಹಾದಿ ಸುಗಮ. ಸೋಲ್ಬರಿ ಆಯೋಗ, ೧೯೪೭ರ ಚುನಾವಣೆ, ಡಿ. ಎಸ್. ಸೇನಾನಾಯಕರ ಸರಕಾರ, ೧೯೪೮ರ ಫೆಬ್ರವರಿ ೪ರಂದು ಸ್ವಾತಂತ್ರ್ಯ. ರಕ್ತ ಹರಿಯಲಿಲ್ಲವೆಂದು ಹೊಗಳಿದವರುಂಟು. ಯಾವೊಂದು ಜನಾಂಗಕ್ಕೂ ಇತರರಿಗಿಲ್ಲದ ತೊಡಕನ್ನು ಒಡ್ಡುವ ಕಾನೂನು ಕೂಡದೆಂದು ಹೊಸ ರಾಜ್ಯಾಂಗದ ೨೯ನೆಯ ವಿಧಿ ಸ್ಪಷ್ಟವಾಗಿ ಸಾರಿದ್ದಿತು.

ಅದೇ ವರ್ಷ ಪೌರತ್ವದ ಕಾನೂನು ಬಂದಿತು. ಅದರಲ್ಲಿ ತಮಿಳರೆಂಬ ಮಾತೇ ಇಲ್ಲ! ಸಿಂಹಳದಲ್ಲಿ ಹುಟ್ಟಿದರಷ್ಟೇ ಸಾಲದು. ತಂದೆಯೂ ಅಲ್ಲಿ ಹುಟ್ಟಿರಬೇಕು, ಇಲ್ಲವೆ ತಾತ, ಮುತ್ತಾತಂದಿರು. ನಮ್ಮಲ್ಲಿ ಎಷ್ಟು ಮನೆಗಳ ಪೆಟ್ಟಿಗೆಯಲ್ಲಿ ತಾತನ ಜನನಪತ್ರ ಸಿಕ್ಕೀತು? ತೋಟದ ಕೂಲಿಯವನು ಎಲ್ಲಿಂದ ತಂದಾನು? ಮರುವರ್ಷ ಮತಾಧಿಕಾರವನ್ನು ಪೌರತ್ವಕ್ಕೆ ಗಂಟುಹಾಕಿದರು. ೧೯೪೭ರಲ್ಲಿ ತಮ್ಮ ಪ್ರತಿನಿಧಿಗಳನ್ನು ಕಳಿಸಿದ್ದ ಜನಕ್ಕೆ ೧೯೫೨ರಲ್ಲಿ ಮತವಿರಲಿಲ್ಲ. ವ್ಯಾಜ್ಯ ಲಂಡನ್ನಿನ ಪ್ರಿವಿ ಕೌನ್ಸಿಲಿಗೆ ಹೋಯಿತು. ತನ್ನ ಪೌರರಾರೆಂಬುದನ್ನು ಗೊತ್ತುಮಾಡುವುದು ಆಯಾ ದೇಶದ ಹಕ್ಕು, ೨೯ನೆಯ ವಿಧಿಗೆ ಭಂಗವಿಲ್ಲ ಎಂದು ೧೯೫೩ರಲ್ಲಿ ತೀರ್ಪಾಯಿತು. ಅಕ್ಷರಕ್ಕೆ ಭಂಗವಿಲ್ಲ, ನಿಜ. ನನಗಂತೂ ಅದು ಬೀಗವನ್ನು ಹಾಗೆಯೇ ಬಿಟ್ಟು ಗೋಡೆಗೆ ಕನ್ನ ಹಾಕಿದಂತೆ ತೋರುತ್ತದೆ.

೧೯೬೪ರಲ್ಲಿ ಶಾಸ್ತ್ರಿಯವರೂ ಸಿರಿಮಾವೊ ಬಂಡಾರನಾಯಿಕೆಯವರೂ ಕುಳಿತು, ೫,೨೫,೦೦೦ ಮಂದಿ ಭಾರತಕ್ಕೆ, ೩,೦೦,೦೦೦ ಮಂದಿ ಸಿಂಹಳಕ್ಕೆಂದು ಒಪ್ಪಂದ ಮಾಡಿಕೊಂಡರು. ಮಿಕ್ಕವರ ಮಾತು ಆಮೇಲೆ. ಆ ಮಂದಿಯನ್ನು ಕೇಳಿದವರಿಲ್ಲ. ಹಾಗೆ ಬಂದವರಲ್ಲಿ ಕೆಲವರು ನಮ್ಮ ಸುಳ್ಯದ ಕಡೆಯ ರಬ್ಬರು ತೋಟಗಳಲ್ಲಿ ನೆಲೆಸಿದರು. ಅಲ್ಲಿಯೇ ಉಳಿದು ಯಾವ ದೇಶಕ್ಕೂ ಸೇರದಿದ್ದವರಿಗೆ ಪೌರತ್ವ ಕೊಡುವ ಕಾನೂನು ಶ್ರೀಲಂಕೆಯಲ್ಲಿ ಆದುದು ೨೦೦೩ರಲ್ಲಿ.